ಖಾಲಿ ಸಾಲು ಕಿತ್ತ ದಿನ

ತೊಂದರೆ ಶುರುವಾದದ್ದು ಒಂದೇ ಒಂದು ಸಾಲಿನಿಂದ. ಆದರೆ ಆ ಸಾಲು ಗೂಡ್ಸ್ ರೈಲಿನಂತೆ; ಕೊನೆಯ ಡಬ್ಬಿ ಕಾಣುವಷ್ಟರಲ್ಲಿ ಮೊದಲನೆಯದು ಮರೆತೇ ಹೋಗುತ್ತಿತ್ತು. ಕಚೇರಿಯವರೆಲ್ಲರ ಹೆಸರು, ವಿಭಾಗ, ಕಾರ್ಡ್ ಸಂಖ್ಯೆ, ಕೆಲಸದ ಕೊನೆಯ ದಿನ, ಎಲ್ಲವನ್ನೂ ಕಂಪ್ಯೂಟರ್ ಒಂದೇ ಉಸಿರಿನಲ್ಲಿ ಕಕ್ಕುತ್ತಿತ್ತು. ಬಾಗಿಲಿನ ಯಂತ್ರ ಅದನ್ನೋದಿ, ಕಾರ್ಡ್ ತೋರಿಸಿದವರನ್ನು ಒಳಗೆ ಬಿಡುತ್ತಿತ್ತು.

"ಮಧ್ಯಾಹ್ನ ದೊಡ್ಡ ಸಾಹೇಬರು ನೋಡೋಕೆ ಬರ್ತಾರೆ. ಇದನ್ನ ಮನುಷ್ಯರು ಓದೋ ಹಾಗೆ ಮಾಡು," ಎಂದರು ಮ್ಯಾನೇಜರು, ಇನ್ನೂ ಖಾಯಂ ಆಗದ ಪ್ರೋಗ್ರಾಮರ್ ಹುಡುಗನಿಗೆ. "ಅವರಿಗೆ ಹಿಡಿಸಿದ್ರೆ ನಿನ್ನ ಕೆಲಸ ಖಾಯಂ ಆಯ್ತು ಅಂದ್ಕೋ."

ಹಾಗೆನ್ನುವಾಗ ಅವರು ಅವನ ಮುಖ ನೋಡಲಿಲ್ಲ, ಕಿಟಕಿ ನೋಡಿದರು. ಅವನು ಅದನ್ನು ಗಮನಿಸಿದ, ಏನೂ ಕೇಳಲಿಲ್ಲ. ಕಚೇರಿಯಲ್ಲಿ ಅವನಿಗೆ ಮೌನಿ ಎಂದು ಹೆಸರು ಬಿದ್ದದ್ದೇ ಹಾಗೆ. 'ಖಾಯಂ ಆದ ಕೂಡ್ಲೇ ಫೋನ್ ಮಾಡ್ರೀ' ಎಂದು ಹೆಂಡತಿ ಬೆಳಗ್ಗೆ ಮೂರು ಸಲ ಹೇಳಿ ಕಳಿಸಿದ್ದಳು.

ಒಬ್ಬೊಬ್ಬರ ವಿವರಕ್ಕೂ ಒಂದು ಗುಂಪು, ಒಂದೊಂದು ಮಾಹಿತಿಗೂ ಒಂದು ಸಾಲು. ಮೌನಿ ಉಸಿರು ಬಿಗಿಹಿಡಿದು ಜೋಡಿಸತೊಡಗಿದ. ತಪ್ಪು ಹುಡುಕುವುದೇ ಕೆಲಸವಾಗಿದ್ದ ಟೆಸ್ಟಿಂಗ್ ಅಕ್ಕ ಹೆಗಲ ಮೇಲಿಂದ ಇಣುಕಿದರು.

"ಇದೇನೋ ಇದು? ಎಲ್ಲರ ಹೆಸರಿನ ಕೆಳಗೂ 'ಕೊನೆಯ ದಿನ' ಅಂತ ಬರೆದು ಮುಂದೆ ಏನೂ ಇಲ್ಲ! ಬಾಯಿ ತೆರೆದುಕೊಂಡು ನಿದ್ದೆ ಹೊಡೀತಿರೋ ಹಾಗಿದೆ."

"ಕಿತ್ತಾಕಪ್ಪ ಅತ್ಲಾಗೆ," ಎಂದರು ಪಕ್ಕದ ಮೇಜಿನ ಅಕೌಂಟೆಂಟು. "ಕೆಲಸ ಬಿಡದೇ ಇರೋರಿಗೆ ಕೊನೆಯ ದಿನ ಎಲ್ಲಿಂದ ತರ್ತೀಯ?"

ಮೌನಿ ಒಂದೇ ಏಟಿಗೆ ಖಾಲಿ ಸಾಲುಗಳನ್ನೆಲ್ಲ ಕಿತ್ತುಹಾಕಿದ. ಪರದೆ ಈಗಷ್ಟೇ ಕ್ಷೌರ ಮಾಡಿದ ಗಲ್ಲದಂತೆ ನುಣ್ಣಗಾಯಿತು. ಕೆಳಗಿನವರೆಗೂ ನೋಡೋಣವೆಂದುಕೊಳ್ಳುವಷ್ಟರಲ್ಲಿ ಎಲ್ಲರೂ ಅವನನ್ನು ಊಟಕ್ಕೆ ಎಳೆದುಕೊಂಡು ಹೋದರು.

ಊಟ ಮುಗಿಸಿ ಬಂದರೆ ಬಾಗಿಲು ಕೆಂಪು ದೀಪ ತೋರಿಸಿತು. ಅಕೌಂಟೆಂಟು ಕಾರ್ಡನ್ನು ಪ್ಯಾಂಟಿಗೆ ಉಜ್ಜಿ ಇಟ್ಟರು, ಕೆಂಪು. ಅಕ್ಕ ಊದಿ ಇಟ್ಟರು, ಕೆಂಪು. ಮ್ಯಾನೇಜರು ಬಾಗಿಲಿಗೇ ಗದರಿದರು, ಆಗಲೂ ಕೆಂಪು. ಅಷ್ಟರಲ್ಲಿ ದೊಡ್ಡ ಸಾಹೇಬರು ಲಿಫ್ಟಿನಿಂದಿಳಿದು ತಮ್ಮ ಕಾರ್ಡ್ ಇಟ್ಟರು.

"ಏನ್ರೀ ಇದು, ನನಗೇ ಬಾಗಿಲು ಹಾಕ್ತಿದ್ದೀರ?"

ಮೌನಿ ಮುಂದೆ ಬಂದ. "ಸರ್, ಖಾಲಿ ಇದ್ರೆ 'ಇವರು ಇನ್ನೂ ಇದ್ದಾರೆ' ಅಂತ ಯಂತ್ರ ತಿಳ್ಕೋತಿತ್ತು. ಈಗ ಆ ಸಾಲೇ ಇಲ್ಲ. ಎಲ್ಲರನ್ನೂ ಹೊರಗಿನವರು ಅಂದ್ಕೊಂಡಿದೆ."

"ಮುಗೀತು," ಎಂದರು ಅಕೌಂಟೆಂಟು. "ಕಿತ್ತಾಕು ಅಂತ ಯಾರೋ ಇವನಿಗೆ ಹೇಳಿದ್ದು?"

"ನಿನ್ನದೂ ಒಂದ್ಸಲ ಇಟ್ಟು ನೋಡೋ," ಎಂದರು ಅಕ್ಕ.

ಮೌನಿ ಕಾರ್ಡ್ ಇಟ್ಟ. ಹಸಿರು! ಬಾಗಿಲು ತೆರೆಯಿತು. ಎಲ್ಲರೂ ಹೋ ಎಂದು ನುಗ್ಗಿದರು, ಅಕೌಂಟೆಂಟು ಅವನ ಬೆನ್ನು ತಟ್ಟಿದರು. ಮ್ಯಾನೇಜರು ಮಾತ್ರ ಓಡಿಹೋಗಿ ಪರದೆಗೆ ಅಡ್ಡ ನಿಂತರು. "ಸರ್, ಮೊದಲು ಕಾಫಿ ಕುಡಿಯೋಣ ಬನ್ನಿ..."

"ಸರೀರಿ ಆಚೆ." ಸಾಹೇಬರು ಕೂತು ನೋಡುತ್ತಾ ಹೋದರು. "ಆಹಾ, ಎಷ್ಟು ಚೊಕ್ಕಟ! ಮಗುವೂ ಓದಬಹುದು." ಕೆಳಗೆ ಬಂದು ಬೆರಳು ನಿಂತಿತು. "ಇದೊಬ್ಬನ ಹೆಸರಿನ ಕೆಳಗೆ ಮಾತ್ರ ಒಂದು ಸಾಲು ಹೆಚ್ಚಿದೆಯಲ್ಲ, ಯಾರಿದು?"

ಅದು ಮೌನಿಯ ಹೆಸರು. ಕೆಳಗೆ ಕೊನೆಯ ದಿನ: ಇವತ್ತಿನ ತಾರೀಖು. ತಾರೀಖು ಇದ್ದವರನ್ನು ಯಂತ್ರ ಆ ದಿನ ಮುಗಿಯುವವರೆಗೂ ಒಳಗೆ ಬಿಡುತ್ತಿತ್ತು.

ಮ್ಯಾನೇಜರು ಮತ್ತೆ ಕಿಟಕಿ ನೋಡಿದರು. "ಕೆಲಸದಿಂದ ತೆಗೆಯೋ ಪತ್ರ ಸಂಜೆ ಕೊಡೋಣ ಅಂತಿದ್ದೆ..."

"ಛೆ, ಪಾಪ," ಎಂದು ಸಾಹೇಬರು ಎದ್ದರು. "ಕೆಲಸ ಮಾತ್ರ ಬಹಳ ನೀಟು. ಹೋಗೋ ಮುಂಚೆ ನಮ್ಮ ಬಾಗಿಲೊಂದು ಸರಿಮಾಡಿ ಹೋಗಪ್ಪ."

ಮೌನಿ ಕೂತು, ಕಿತ್ತ ಸಾಲುಗಳನ್ನೆಲ್ಲ ವಾಪಸ್ ತಂದ. ಎಲ್ಲರ ಕೊನೆಯ ದಿನದ ಮುಂದೆ ಮತ್ತೆ ಖಾಲಿ ಜಾಗ. ಅಷ್ಟು ಚೆಂದದ ಖಾಲಿ ಜಾಗವನ್ನು ಅವನು ಎಂದೂ ನೋಡಿರಲಿಲ್ಲ.

ಫೋನ್ ಬಡಿದುಕೊಂಡಿತು. "ಏನ್ರೀ, ಸಾಹೇಬರಿಗೆ ಹಿಡಿಸ್ತಾ?"

"ಹಿಡಿಸ್ತು," ಎಂದ ಮೌನಿ. ಕಾರ್ಡನ್ನು ಮೇಜಿನ ಮೇಲಿಟ್ಟು ಸೇರಿಸಿದ: "ಇವತ್ತು ಇಡೀ ಆಫೀಸಲ್ಲಿ ಬಾಗಿಲು ತೆಗೆದಿದ್ದು ನನ್ನ ಕಾರ್ಡ್ ಒಂದಕ್ಕೇ ಕಣೇ."