ಫ್ಲಾಪಿಗೆ ಹಚ್ಚಿದ ವಿಭೂತಿ

ಪುಸ್ತಕ ನೋಡಿ ಕಲಿಸುವವರ ಕಷ್ಟ ಪುಸ್ತಕ ಬರೆಯುವವರಿಗೆ ಎಂದೂ ತಿಳಿಯುವುದಿಲ್ಲ. ‘ಈ ಪ್ರೋಗ್ರಾಂ ಬರೆದು ಚಾಲೂ ಮಾಡಿ, ಪರದೆಯ ಮೇಲೆ ವೃತ್ತ ಮೂಡುತ್ತದೆ’ ಎಂದು ಬರೆದು ಅವರು ಚಹಾ ಕುಡಿಯಲು ಎದ್ದು ಹೋಗುತ್ತಾರೆ. ವೃತ್ತ ಮೂಡಲು ಇನ್ನೊಂದು ಫೈಲು ಬೇಕು, ಅದು ಬೇರೆ ಫ್ಲಾಪಿಯಲ್ಲಿರುತ್ತದೆ ಎಂಬ ಮಾತೇ ಇಲ್ಲ. ನನ್ನ ಹೆಂಡತಿಗೂ ಇದೇ ಸಿಟ್ಟು. ವಾರಪತ್ರಿಕೆ ನೋಡಿ ಒಲೆ ಹಚ್ಚಿದರೆ ಅರ್ಧಕ್ಕೆ ಬಂದಾಗ ‘ಮೊದಲೇ ಮಾಡಿಟ್ಟ ಮಸಾಲೆ ಹಾಕಿ’ ಎಂದಿರುತ್ತದಂತೆ. ಯಾರು ಮಾಡಿಟ್ಟಿದ್ದರೋ, ಯಾವಾಗ ಮಾಡಿಟ್ಟಿದ್ದರೋ, ದೇವರಿಗೇ ಗೊತ್ತು.

ತೊಂಬತ್ತರ ದಶಕದ ಆರಂಭದಲ್ಲಿ ನಾನು ಅಫಜಲಪುರದಲ್ಲಿ ಒಂದೇ ಕಂಪ್ಯೂಟರ್ ಇಟ್ಟುಕೊಂಡು ಕ್ಲಾಸು ನಡೆಸುತ್ತಿದ್ದೆ. ಜಾಗ, ಶರಣಪ್ಪ ಸಾಹುಕಾರರ ಮನೆಯ ಮುಂದಿನ ಕೋಣೆ. ಅವರಿಗೆ ಅಲ್ಲಿ ಹಿಟ್ಟಿನ ಗಿರಣಿ ಹಾಕುವ ಆಸೆ.

“ಮಾಸ್ತರ್, ನಿಮ್ ಮಷೀನ್ ಏನ್ ಮಾಡ್ತದ ಒಮ್ಮಿ ತೋರಸ್ರಿ. ಅದು ಇರಬೇಕೋ, ಗಿರಣಿ ಬರಬೇಕೋ, ನೋಡಿ ಹೇಳ್ತೇನಿ” ಎಂದರು.

ಕೋಣೆ ಹೋದರೆ ನಾನು ಗುಲಬರ್ಗಾದಲ್ಲಿ ಹೆಂಡತಿಯ ತಮ್ಮನ ಟೈಪಿಂಗ್ ಇನ್‌ಸ್ಟಿಟ್ಯೂಟಿಗೆ ಹೋಗಿ ಅವನ ಕೈಕೆಳಗೆ ಕೂರಬೇಕಿತ್ತು. ದಸರೆ ಮುಗಿಯಲಿ, ದುಂಡನೆಯ ವೃತ್ತ ಬರೆಸಿ ತೋರಿಸುತ್ತೇನೆ ಎಂದು ಮಾತು ಕೊಟ್ಟೆ.

ದಸರೆ ಎಂದರೆ ಆಯುಧಪೂಜೆ ಇದ್ದೇ ಇರುತ್ತದೆ. ಸಾಹುಕಾರರ ತಾಯಿ ಗಂಗವ್ವನವರು ಮನೆಯ ಕುಂಟೆ, ಕೂರಿಗೆ, ತಕ್ಕಡಿಗಳಿಗೆಲ್ಲ ವಿಭೂತಿ ಹಚ್ಚಿ ನನ್ನ ಕೋಣೆಗೂ ಬಂದರು. ಕಂಪ್ಯೂಟರಿಗೆ ಮೂರು ಬೆರಳು, ಕೀಲಿಮಣೆಗೆ ಮೂರು ಬೆರಳು. ಆಮೇಲೆ ವೃತ್ತಕ್ಕೆ ಬೇಕಾದ ಫೈಲಿದ್ದ ಆ ಇನ್ನೊಂದು ಫ್ಲಾಪಿಯನ್ನು ಕಾಗದದ ಚೀಲದಿಂದ ಹೊರಗೆಳೆದು, ಒಳಗಿನ ತಟ್ಟೆ ಕಾಣುವ ಕಿಂಡಿಯ ಮೇಲೇ ಸರಿಯಾಗಿ ಬಳಿದರು. ನಾನು ಬಾಯಿ ತೆರೆದೆ. “ಹಣಿ ಈ ಕಡಿ ಮಾಡು ತಮ್ಮಾ” ಎಂದು ನನಗೂ ಹಚ್ಚಿದರು.

ಫ್ಲಾಪಿಯನ್ನು ಒರೆಸಿದೆ, ಊದಿದೆ, ಬೇಡಿಕೊಂಡೆ. ಕಂಪ್ಯೂಟರ್ ಅದನ್ನು ಓದಲೇ ಇಲ್ಲ. ಆಳಂದದಲ್ಲಿ ಇಂಥದೇ ಕ್ಲಾಸು ನಡೆಸುತ್ತಿದ್ದ ಗೆಳೆಯನಿಗೆ ಫೋನು ಮಾಡಿ, ಅದೇ ಫೈಲಿನ ಇನ್ನೊಂದು ಪ್ರತಿಯನ್ನು ಬಸ್ಸಿನ ಕಂಡಕ್ಟರರ ಕೈಯಲ್ಲಿ ಕಳಿಸು ಎಂದೆ. ಅದು ಬರುವ ಮೊದಲೇ ಸಾಹುಕಾರರು ಬಂದು ಕುರ್ಚಿ ಎಳೆದುಕೊಂಡರು. ಪಕ್ಕದಲ್ಲಿ ಗಂಗವ್ವ.

“ಎಲ್ಲಾ ಬರೋಬರ್ ಅದ ಇಲ್ರಿ?”

“ಬರೋಬರ್ ಅದ್ರಿ” ಎಂದೆ. ಯಾವ ಧೈರ್ಯದ ಮೇಲೆ ಎಂದು ಕೇಳಬೇಡಿ. ಗುಂಡಿ ಒತ್ತಿದೆ. ವೃತ್ತದ ಬದಲು ಒಂದು ಸಾಲು ಇಂಗ್ಲಿಷು ಮೂಡಿತು.

“ಏನ್ ಅಂತದ ಅದು?”

“ಒಂದ್ ಫೈಲ್ ಇಲ್ಲ, ಅದು ಬರೋತನಕ ವೃತ್ತ ಬರಿಯಂಗಿಲ್ಲ ಅಂತದ್ರಿ.”

“ಯಾಕ, ಆ ಫೈಲಿಗಿ ಏನಾಗ್ಯಾದ?”

ಗಂಗವ್ವ ನನ್ನ ಮುಖವನ್ನೇ ನೋಡುತ್ತಿದ್ದರು. ವಿಭೂತಿ ಎನ್ನಲು ನಾಲಿಗೆ ಏಳಲಿಲ್ಲ. “ಧೂಳ ಕುಂತದ್ರಿ” ಎಂದೆ.

ಸಾಹುಕಾರರು ಕುರ್ಚಿಯಿಂದ ಎದ್ದು ಪರದೆಯ ಹತ್ತಿರ ಬಗ್ಗಿದರು. ನಾನು ಮನಸ್ಸಿನಲ್ಲೇ ಗುಲಬರ್ಗಾದ ಬಸ್ಸು ಹತ್ತಿಯಾಗಿತ್ತು.

“ನಮ್ ಅಳಿಯಗ ಬಿತ್ತಾಕ ಕಳಿಸಿದ್ರ, ಬೀಜ ಇಲ್ಲಂದ್ರ ಸಂಜಿತನಕ ಗಿಡದ ಬುಡಕ ಕುಂತು ಬರ್ತಾನ. ಇಲ್ಲ ಅಂತ ಬಾಯಿ ಬಿಡಂಗಿಲ್ಲ” ಎಂದರು ಸಾಹುಕಾರರು. “ಇದು ನೋಡ್ರಿ, ಏನಿಲ್ಲ ಅಂಬೋದು ಮುಖಕ್ಕ ಹೇಳ್ತು. ಇರ್ಲಿ ಬಿಡ್ರಿ, ಗಿರಣಿ ಬ್ಯಾರೆ ಕಡಿ ಹಾಕ್ತೇನಿ. ಮಷೀನ್ ಖರೇ ಮಾತಾಡ್ತದ. ನೀವೇ ಬರೋಬರ್ ಅದ ಅಂದಿದ್ರಿ.”

ಹೀಗೆ ಕೋಣೆ ಕಂಪ್ಯೂಟರಿಗೆ ಉಳಿಯಿತು, ಅದರ ಜೊತೆಗೆ ನನಗೂ. ಮರುದಿನ ಆಳಂದದ ಫ್ಲಾಪಿಯನ್ನು ಎದೆಗೊತ್ತಿಕೊಂಡು ಬಂದರೆ ಹೊಸ್ತಿಲಲ್ಲಿ ಗಂಗವ್ವ, ಕೈಯಲ್ಲಿ ವಿಭೂತಿ.

“ಕೊಡು ತಮ್ಮಾ. ಹೋದ ಸಲ ಜರಾ ಕಡಿಮಿ ಹಚ್ಚಿದ್ದೆ, ಅದಕ್ಕ ಹಂಗಾಗ್ಯಾದ.”

ಫ್ಲಾಪಿಯನ್ನು ಬೆನ್ನ ಹಿಂದೆ ಹಿಡಿದು ಹಣೆಯನ್ನು ಮುಂದೆ ಮಾಡಿದೆ. ಅವರು ಧಾರಾಳವಾಗಿ ಬಳಿದರು. ವೃತ್ತ ದುಂಡಗೆ ಮೂಡಿತು. ಎಲ್ಲ ವಿಭೂತಿಯ ಮಹಿಮೆ ಎಂದು ಅವರು ಓಣಿಗೆಲ್ಲ ಹೇಳಿಕೊಂಡು ಬಂದರು. ಅಲ್ಲ ಎಂದು ಅವರ ಮುಖಕ್ಕೆ ಖರೇ ಮಾತು ಹೇಳಲು ನಾನೇನು ಮಷೀನೇ?