ಫ್ರಿಜ್ಜಿನ ಒಳಗಿರುವುದಕ್ಕೆ ನಾವು ಹೊಣೆಯಲ್ಲ

ಒಬ್ಬರಿಗೆ ಮಾತ್ರ ಅಡುಗೆ ಮಾಡುವುದು ಎಷ್ಟು ಕಷ್ಟ ಅಂತ ಯಾವ ಅಡುಗೆ ಪುಸ್ತಕವೂ ಹೇಳುವುದಿಲ್ಲ. ನಾನು ಅಮ್ಮನ ಹತ್ತಿರ ಅಡುಗೆ ಕಲಿಯುವಾಗ ವಿಜಯನಗರದ ಈ ಮನೆಯಲ್ಲಿ ಆರು ಜನರಿದ್ದೆವು. ಈಗ ಅಪ್ಪ ಅಮ್ಮ ಇಲ್ಲ, ಅಕ್ಕತಂಗಿಯರು ಮದುವೆಯಾಗಿ ಹೋದರು, ಬ್ಯಾಂಕಿನ ಕೆಲಸದ ನಾನೊಬ್ಬಳು ಉಳಿದಿದ್ದೇನೆ. ಆದರೆ ಈ ಸುದ್ದಿ ನನ್ನ ಕೈಗೆ ಇನ್ನೂ ಮುಟ್ಟಿಲ್ಲ. ಬೇಳೆ ಹಾಕಿದರೆ ಆರು ಜನರದ್ದೇ. ಭಾನುವಾರದ ಹುಳಿಯನ್ನು ಗುರುವಾರದವರೆಗೆ ಉಂಡು, ಶುಕ್ರವಾರ ಅದಕ್ಕೇ ಅನ್ನ ಕಲಸಿ ಬಿಸಿಬೇಳೆಬಾತ್ ಅಂತ ನಾಮಕರಣ ಮಾಡುತ್ತೇನೆ. ಇಂಥ ಸಂಸಾರಕ್ಕೆ ಫ್ರಿಜ್ಜೇ ಯಜಮಾನ.

ಆ ಯಜಮಾನ ಒಂದು ದಿನ ಗೊರಗೊರ ಅನ್ನತೊಡಗಿದ. ವಾರ್ಷಿಕ ಸರ್ವಿಸ್ ಕಾಂಟ್ರಾಕ್ಟ್ ಇತ್ತು, ಮೆಕ್ಯಾನಿಕ್ ಬಂದ. ಹಿಂದಿನಿಂದ ಏನೋ ಬಿಚ್ಚಿ, ಏನೋ ಸೇರಿಸಿ, ಫೋನ್ ಚಾಚಿ, "ಇಲ್ಲೊಂದ್ ಸೈನ್ ಹಾಕಿ ಮೇಡಂ, ಬೆರಳಲ್ಲೇ" ಅಂದ. ಪರದೆಯ ಮೇಲೆ ಇರುವೆ ಸಾಲಿನಂಥ ಅಕ್ಷರ. "ಏನಪ್ಪಾ ಇದು?" ಅಂದರೆ "ಏನಿಲ್ಲ, ಫಾರ್ಮಾಲಿಟಿ" ಅಂದ. ದಿನವಿಡೀ ಬ್ಯಾಂಕಿನಲ್ಲಿ ಗಿರಾಕಿಗಳಿಗೆ "ಓದಿ ಸಹಿ ಮಾಡಿ" ಅಂತ ಉಪದೇಶ ಮಾಡುವ ನಾನು ಓದದೆ ಗೀಚಿದೆ.

ಆ ಶನಿವಾರ ಮೈಸೂರಿಗೆ ತಂಗಿಯ ಮನೆಗೆ ಹೋಗಿದ್ದೆ. ವಾಪಸ್ಸು ಬಂದು ಬಾಗಿಲು ತೆಗೆದರೆ, ನಾನು ಕಾಲಿಡುವ ಮೊದಲೇ ವಾಸನೆ ಹೊರಗೆ ಬಂತು. ಎದುರುಮನೆಯವರು ಕಿಟಕಿ ಮುಚ್ಚಿದರು. ಮೆಕ್ಯಾನಿಕ್ ಒಂದು ವೈರನ್ನು ಸರಿಯಾಗಿ ಸಿಕ್ಕಿಸಿರಲೇ ಇಲ್ಲ. ಆಮೇಲೆ ಬಂದ ಇನ್ನೊಬ್ಬ ಮೆಕ್ಯಾನಿಕ್ಕೇ ಅದನ್ನು ತೋರಿಸಿದ.

ಕಂಪನಿಗೆ ಫೋನ್ ಮಾಡಿದೆ. ಹುಬ್ಬಳ್ಳಿ ಕಡೆಯ ಶಿಲ್ಪಾ ಅನ್ನುವ ಹುಡುಗಿ ಎತ್ತಿದಳು.

"ಫ್ರಿಜ್ಜು ಫ್ರೀ ರಿಪೇರಿ ಮಾಡ್ತೀವ್ರಿ. ಒಳಗಿನ ಸಾಮಾನಿಗೆ ನಾವು ಜವಾಬ್ದಾರರಲ್ಲ. ನೀವ ಸಹಿ ಮಾಡೀರಲ್ರೀ."

"ಮತ್ತೆ ಫ್ರಿಜ್ಜು ಇರೋದು ಯಾತಕ್ಕಮ್ಮ? ಬಾಗಿಲು ತೆಗೆದು ಲೈಟ್ ನೋಡಕ್ಕಾ?"

ಬ್ಯಾಂಕಿನ ಗೆಳತಿ ವಿಮಲಾಗೆ ಇದೆಲ್ಲ ಹೇಳಿದೆ. ಅವಳು ಜಗಳಕ್ಕೆಂದೇ ಹುಟ್ಟಿದವಳು. "ಸೈನ್ ಹಾಕಿಸ್ಕೊಂಡ್ರೆ ಕೆಟ್ಟ ಕೆಲಸ ಒಳ್ಳೇದಾಗುತ್ತಾ ಕಣೇ? ತಪ್ಪು ಅವರದ್ದು. ಇಂಥ ಒನ್‌ಸೈಡ್ ಕಂಡೀಷನ್ನು ಗ್ರಾಹಕರ ಆಯೋಗದಲ್ಲಿ ನಿಲ್ಲೋದು ಕಷ್ಟ. ದೂರು ಕೊಡ್ತೀನಿ ಅಂತ ಬರಿ!" ಅಂದಳು. ಬರೆದೆ. ಒಂದು ವಾರದಲ್ಲಿ ಶಿಲ್ಪಾಳೇ ಫೋನ್ ಮಾಡಿದಳು. ಕೆಟ್ಟುಹೋದ ಪದಾರ್ಥಕ್ಕೂ ಪರಿಹಾರ ಕೊಡುತ್ತಾರಂತೆ, ಏನೇನಿತ್ತು ಹೇಳಬೇಕಂತೆ.

ಹೇಳಿದೆ. ಹುಳಿ, ಗೊಜ್ಜು, ಎರಡು ಥರ ಪಲ್ಯ, ದೋಸೆ ಹಿಟ್ಟು, ಹಾಲು, ಮೊಸರು, ಹೆಪ್ಪಿಗೆ ತೆಗೆದಿಟ್ಟ ಇನ್ನಷ್ಟು ಮೊಸರು, ಮಾವಿನಕಾಯಿ ಚಟ್ನಿ.

"ಮನ್ಯಾಗ ಎಷ್ಟ ಮಂದಿ ಅದೀರಿ ಮೇಡಂ?"

"ಒಬ್ಬಳೇ."

ಅವಳು ದನಿ ಮೆತ್ತಗೆ ಮಾಡಿ, "ಇಷ್ಟೆಲ್ಲಾ ಒಬ್ಬರಿಗೇನ್ರಿ?" ಅಂದಳು.

ಅನುಮಾನದಿಂದ ಕೇಳಿದ್ದರೆ ಜಗಳ ಆಡಬಹುದಿತ್ತು. ಅವಳು ಹಾಗೆ ಕೇಳಲಿಲ್ಲ. "ಮುಂದಿನದು ಕೇಳಮ್ಮ" ಅಂದೆ.

"ನಾನೂ ಇಲ್ಲೆ ಕೆಂಗೇರಿ ಪಿಜಿಯೊಳಗ ಒಬ್ಬಾಕಿನ ಇರ್ತೀನ್ರಿ. ಇಲ್ಲಿ ಸಾರಿನ್ಯಾಗ ಬ್ಯಾಳಿ ಹುಡುಕಬೇಕು" ಅಂದವಳು, ಕರೆ ರೆಕಾರ್ಡ್ ಆಗುತ್ತಿದೆ ಅನ್ನುವುದು ನೆನಪಾಗಿ, "ನಿಮ್ಮ ಮಾಹಿತಿಗೆ ಧನ್ಯವಾದಗಳು" ಅಂತ ಇಟ್ಟುಬಿಟ್ಟಳು.

ಮರುದಿನ ಸಹಿಗಾಗಿ ಒಪ್ಪಂದ ಬಂತು. ಈ ಸಲ ಪ್ರತಿ ಅಕ್ಷರ ಓದಿದೆ. ಕೊನೆಯ ಸಾಲು ಹೀಗಿತ್ತು: "ಈ ಪರಿಹಾರ ಪಡೆದ ನಂತರ ನನಗೆ ಈಗಾಗಲಿ ಮುಂದಾಗಲಿ ಯಾವುದೇ ರೀತಿಯ ದೂರು ಇರುವುದಿಲ್ಲ."

ಸಂಜೆಯವರೆಗೆ ಅದನ್ನು ನೋಡುತ್ತಾ ಕೂತಿದ್ದು, ಕೊನೆಗೆ ಶಿಲ್ಪಾಳಿಗೆ ಫೋನ್ ಮಾಡಿದೆ. "ಇದಕ್ಕೆ ಹೀಗೇ ಸೈನ್ ಹಾಕಲ್ಲ ಕಣಮ್ಮ. 'ಫ್ರಿಜ್ಜಿನ ವಿಷಯದಲ್ಲಿ ಮಾತ್ರ' ಅಂತ ಸೇರಿಸಿ."

"ಮತ್ತ ಬ್ಯಾರೆ ಏನ್ ದೂರು ಅದಾವ್ರಿ ಮೇಡಂ?"

"ಅವು ನಿಮ್ಮ ಕಾಂಟ್ರಾಕ್ಟಿನಲ್ಲಿ ಬರಲ್ಲ, ಬಿಡು."

ಅವರು ಸೇರಿಸಿದರು. ನಾನು ಸಹಿ ಹಾಕಿದೆ. ವಿಮಲಾ ಬ್ಯಾಂಕಿನಲ್ಲೆಲ್ಲ "ಆ ಮೂರು ಪದ ಸೇರಿಸಿದ್ದು ನೋಡಿ, ಕಾನೂನು ಅಂದ್ರೆ ಇವಳ ಹತ್ರ ಕಲೀಬೇಕು" ಅಂತ ಹೊಗಳಿಕೊಂಡು ಓಡಾಡಿದಳು. ನಾನು ದೊಡ್ಡ ಲಾಯರಿನ ಗತ್ತಿನಲ್ಲಿ ನಕ್ಕೆ. ಅದು ಕಾನೂನಲ್ಲ ಅಂತ ಅವಳಿಗೆ ಹೇಳಲು ಹೋಗಲಿಲ್ಲ.