ಹೊತ್ತಿರುವಾಗಲೇ ನುಂಗಿದ ನಿದ್ದೆ ಗುಳಿಗೆ

ರೋಗ ಬರಲು ಮೈ ಕೆಡಬೇಕಿಲ್ಲ, ಸೊಸೆಯ ಕೈಯಲ್ಲಿ ಒಂದು ಫೋನ್ ಇದ್ದರೆ ಸಾಕು. ನಾನು ಮದುವೆಯಾಗಿ ಮಿರಜದ ಹತ್ತಿರದ ಈ ಆರಗಕ್ಕೆ ಬಂದಾಗಿನಿಂದ ನಸುಕಿನ ಮೂರಕ್ಕೆ ಏಳುವವಳು. ಎದ್ದು ಅಂಗಳ ಗುಡಿಸಿ, ಎಮ್ಮೆಯ ಸಗಣಿ ಬಳಿದು, ನೀರು ಕಾಯಿಸಿ, ಬೆಳಕು ಹರಿಯುವಷ್ಟರಲ್ಲಿ ಬಸದಿಗೆ ಹೋಗಿ ಬಂದಿರುತ್ತೇನೆ. ನನ್ನ ಅತ್ತೆ ಎರಡಕ್ಕೇ ಏಳುತ್ತಿದ್ದಳು; ಮೂರಕ್ಕೆ ಏಳುವ ನನ್ನನ್ನು ಮೈಗಳ್ಳಿ ಅನ್ನುತ್ತಿದ್ದಳು. ಅತ್ತೆಯ ಕಾಲದ ಮೈಗಳ್ಳತನ ಸೊಸೆಯ ಕಾಲಕ್ಕೆ ರೋಗವಾಯಿತು. ನನ್ನ ಸೊಸೆ ಸುನಂದಾ ನಡುರಾತ್ರಿಯವರೆಗೆ ಫೋನ್ ನೋಡುತ್ತಾ ಬಿದ್ದಿರುತ್ತಾಳೆ. ನಸುಕಿನಲ್ಲಿ ಎಚ್ಚರಾಗುವುದು ನಿದ್ದೆಯ ಕಾಯಿಲೆ ಎಂದು ಯಾವನೋ ಅದರಲ್ಲಿ ಹೇಳಿದನಂತೆ. ಮಗನ ಮುಂದೆ ಶುರುಮಾಡಿದಳು: "ಅತ್ಯಾರಿಗೆ ನಿದ್ದಿ ಬ್ಯಾನಿ ಐತ್ರಿ. ಮೂರಕ್ಕ ಎದ್ದು ಬಕೀಟ ಬಡಿತಾರ." ಬೇನೆ ನನ್ನದಲ್ಲ, ಬಕೀಟಿನ ಸಪ್ಪಳದ್ದು. ಆದರೆ ಬಕೀಟನ್ನು ಯಾರೂ ದವಾಖಾನೆಗೆ ಒಯ್ಯುವುದಿಲ್ಲ.

ಸುನಂದಾ ನನ್ನನ್ನು ಒಯ್ದದ್ದು ಮಿರಜಕ್ಕೆ. ಮಿರಜ ಅಂದರೆ ಗೊತ್ತಲ್ಲ, ಅಲ್ಲಿ ಕಿರಾಣಿ ಅಂಗಡಿಗಿಂತ ದವಾಖಾನೆ ಹೆಚ್ಚು. ಬಸ್ಸು ಇಳಿದವರು ಯಾರೂ ಬರಿಗೈಯಲ್ಲಿ ವಾಪಸು ಬಂದದ್ದಿಲ್ಲ, ಒಂದು ರೋಗ ಕೈಗೆ ಕೊಟ್ಟೇ ಕಳಿಸುತ್ತಾರೆ. ನಿದ್ದೆಯ ಡಾಕ್ಟರನ ಬಾಗಿಲಲ್ಲಿ ಜಾತ್ರೆಯಷ್ಟು ಜನ. ನಿದ್ದೆಯಲ್ಲಿ ನಡೆಯುವವರು, ಹಲ್ಲು ಕಡಿಯುವವರು, ಕಾಲು ಜಾಡಿಸುವವರು, ಎಲ್ಲರೂ ಅಲ್ಲಿ ಕುಳಿತು ತೂಕಡಿಸುತ್ತಿದ್ದರು. ನನ್ನ ಪಕ್ಕದಲ್ಲಿದ್ದ ಮುದುಕನಿಗೆ ಗೊರಕೆ. ಗೊರಕೆಯ ನಡುವೆ ಉಸಿರೇ ನಿಲ್ಲುತ್ತಿತ್ತಂತೆ. ಅದಕ್ಕೆ ಗಾಳಿ ಊದುವ ಒಂದು ಯಂತ್ರ, ಆನೆಯ ಸೊಂಡಿಲಿನಂಥ ನಳಿಗೆ, ಅದನ್ನು ಮೂಗಿಗೆ ಕಟ್ಟಿಕೊಂಡು ಮಲಗಬೇಕು. "ಗುಣ ಐತೇನವಾ?" ಎಂದು ಅವನ ಹೆಂಡತಿಯನ್ನು ಕೇಳಿದೆ. "ಅಯ್ಯ, ಭಾಳ ಗುಣ ಐತಿ. ಈಗ ಎಷ್ಟ ಶಾಂತ ಮಲಗತಾರಂದ್ರ, ಅದಾರೋ ಹ್ವಾದ್ರೋ ಅಂತ ನಾನ ಎದ್ದೆದ್ದು ನೋಡ್ತೇನಿ" ಎಂದಳು. ಗಂಡನ ನಿದ್ದೆ ಅವಳಿಗಿಲ್ಲ. ಅದಕ್ಕೆ ಯಾವ ಯಂತ್ರವೋ.

ಡಾಕ್ಟರ ನನ್ನ ಮೊಮ್ಮಗಳ ವಯಸ್ಸಿನವನು. "ಆಜಿ, ಝೋಪ ಲಾಗತೆ ಕಾ?" ಎಂದ, ನಿದ್ದೆ ಹತ್ತುತ್ತದೆಯೇ ಅಂತ. ನಾನು ಬಾಯಿ ತೆಗೆಯುವ ಮೊದಲೇ ಸುನಂದಾ ಮರಾಠಿಯಲ್ಲಿ ಪುರಾಣ ಬಿಚ್ಚಿದಳು: ರಾತ್ರಿಯಲ್ಲಿ ಏಳುತ್ತಾರೆ, ಮತ್ತೆ ಮಲಗುವುದೇ ಇಲ್ಲ. ಎಷ್ಟಕ್ಕೆ ಮಲಗುತ್ತೀ ಎಂದು ಅವನೂ ಕೇಳಲಿಲ್ಲ, ಇವಳೂ ಹೇಳಲಿಲ್ಲ. ರಾತ್ರಿ ಊಟವಾದ ಮೇಲೆ ಒಂದು ಗುಳಿಗೆ ಎಂದು ಗೀಚಿ ಕೊಟ್ಟ.

ಅಲ್ಲ, ನಾವು ಜೈನರು. ಹೊತ್ತು ಮುಳುಗುವ ಮೊದಲೇ ನನ್ನ ಊಟ. ಮುಳುಗಿದ ಮೇಲೆ ನೀರನ್ನೂ ಮುಟ್ಟದ ನೇಮ. ಊಟವಾದ ಮೇಲೆ ಅಂದಮೇಲೆ ಊಟವಾದ ಮೇಲೆಯೇ. ಬಿಸಿಲು ಇನ್ನೂ ಗೋಡೆಯ ಮೇಲಿರುವಾಗ ಗುಳಿಗೆ ನುಂಗಿ ಹಾಲು ಹಿಂಡಲು ಹೋದವಳು ಎಮ್ಮೆಗೇ ಒರಗಿ ಮಲಗಿಬಿಟ್ಟೆನಂತೆ. ಎಮ್ಮೆ ಪಾಪ ಅಲುಗಾಡದೆ ನಿಂತಿತ್ತಂತೆ. ಮನೆಯಲ್ಲಿ ನನಗೆ ಅಷ್ಟು ಮರ್ಯಾದೆ ಕೊಡುವ ಜೀವ ಅದೊಂದೇ. ಸುನಂದಾ ಮಾತ್ರ "ಗುಳಿಗಿ ಹತ್ತೇತಿ ನೋಡ್ರಿ" ಎಂದು ಹಿಗ್ಗಿದಳು.

ಅದೇ ವಾರ ಮೊಮ್ಮಗಳು ಪಲ್ಲವಿಯನ್ನು ನೋಡಲು ಕವಲಾಪುರದವರು ಬಂದರು. ಅವರೂ ನಮ್ಮವರೇ, ಎಲ್ಲರ ಊಟ ಹೊತ್ತಿರುವಾಗಲೇ ಮುಗಿಯಿತು. ನಾನು ಗುಳಿಗೆ ನುಂಗಿ ಹುಡುಗನ ಅಜ್ಜಿಯ ಪಕ್ಕದಲ್ಲಿ ಕುಳಿತೆ. ಹುಡುಗನ ಕಾಕಾ ಶುರುಮಾಡಿದ: "ನಮ್ಮ ದ್ರಾಕ್ಷಿ ಸೀದಾ ದುಬೈಕ ಹೋಗ್ತಾವ್ರಿ." ಇವನನ್ನು ಒಂದು ಮಾತು ಕೇಳೋಣವೆಂದು "ಹಂಗಾರ" ಎಂದೆ. ಅಷ್ಟೇ ನೆನಪು. ಕಣ್ಣು ಬಿಟ್ಟಾಗ ಚಾಪೆಯ ಮೇಲಿದ್ದೆ, ಬೀಗರಾಗುವವರು ಎದ್ದು ಹೋಗಿದ್ದರು. ಆ ಅಜ್ಜಿಯ ಹೆಗಲ ಮೇಲೆ ತಲೆಯಿಟ್ಟು, ಬಾಯಿ ತೆರೆದು, ಗೊರಕೆ ಹೊಡೆದೆನಂತೆ. ಸುನಂದಾ ಅಳುತ್ತಿದ್ದಳು: "ಈ ಮನಿತನಕ್ಕ ಏನೋ ರೋಗ ಐತಿ ಅಂದ್ರ ಹುಡುಗೀನ ಯಾರ ಮಾಡ್ಕೋತಾರ್ರಿ?" ಗುಳಿಗೆ ಕೊಡಿಸಿದವಳೇ ಅವಳು! ಪಲ್ಲವಿ ಮಾತ್ರ ಬೈಯಲಿಲ್ಲ. ತಲೆ ತಗ್ಗಿಸಿ, ತೊಳೆದ ತಾಟನ್ನೇ ತೊಳೆಯುತ್ತಿದ್ದಳು. ಹುಡುಗ ಅವಳ ಮನಸ್ಸಿಗೆ ಬಂದಿದ್ದ.

ಮರುದಿನ ಒಬ್ಬಳೇ ಬಸ್ಸು ಹತ್ತಿದೆ. ಸಿಟ್ಟು ಬಂದರೆ ನನ್ನ ಮರಾಠಿ ಚೆನ್ನಾಗುತ್ತದೆ. ಗುಳಿಗೆಗಳನ್ನು ಡಾಕ್ಟರನ ಮೇಜಿನ ಮೇಲೆ ಕುಕ್ಕಿ, ನಾನು ಎಷ್ಟಕ್ಕೆ ಉಣ್ಣುತ್ತೇನೆ, ಎಷ್ಟಕ್ಕೆ ಮಲಗುತ್ತೇನೆ ಎಂದು ಯಾಕೆ ಕೇಳಲಿಲ್ಲವೆಂದು ಝಾಡಿಸಿದೆ. ಈಗ ಕೇಳಿದ. ಮಲಗುವುದು ಎಂಟಕ್ಕೆ ಎಂದೆ. ಬೆರಳು ಮಡಿಸಿ ಏಳು ತಾಸು ಎಣಿಸಿದ, ನಕ್ಕ. ರೋಗವಿಲ್ಲ, ವಯಸ್ಸಾದವರಿಗೆ ನಿದ್ದೆ ಬೇಗ ಬಂದು ಬೇಗ ಹೋಗುತ್ತದೆ, ಗುಳಿಗೆ ಬಿಡಿ ಎಂದ. ತಡವಾಗಿ ಏಳಬೇಕೆಂದರೆ ಸಂಜೆ ಬೆಳಕಿನಲ್ಲಿ ತಿರುಗಾಡಿ, ಮಧ್ಯಾಹ್ನ ಮಲಗಬೇಡಿ. ಇಷ್ಟು ಹೇಳುವುದಕ್ಕೆ ಎರಡು ಸಲ ಬಸ್ಸು ಹತ್ತಿಸಿದ.

ಊರಿಗೆ ಬಂದರೆ ಕವಲಾಪುರದಿಂದ ಫೋನ್ ಬಂದಿತ್ತು. ಹುಡುಗಿ ಪಸಂದ್! ಹುಡುಗನ ಅಜ್ಜಿ ಹೇಳಿದಳಂತೆ: "ಮುದುಕಿ ಬೀಗರ ಮುಂದ ಇಷ್ಟ ನಿಶ್ಚಿಂತಿ ಮಲಗತಾಳಂದ್ರ, ಸೊಸಿ ಆಕೀನ ಹೂವಿನಂಗ ನೋಡ್ಕೊಂಡಾಳ. ಅಂಥ ಮನಿ ಹುಡುಗಿ ಇರ್ಲಿ ನಮಗ." ನನಗೆ ಮೈಯೆಲ್ಲ ಉರಿಯಿತು. ಜೀವಮಾನವಿಡೀ ಮೂರಕ್ಕೆ ಎದ್ದು ದುಡಿದದ್ದಕ್ಕೆ ಯಾರೂ ಒಂದು ಒಳ್ಳೆಯ ಮಾತು ಆಡಲಿಲ್ಲ. ಒಂದು ಸಂಜೆ ಬಾಯಿ ತೆರೆದು ಮಲಗಿದ್ದಕ್ಕೆ ಹೊಗಳಿಕೆ, ಅದೂ ಸುನಂದಾಳಿಗೆ.

ಮಾತು ಮುಗಿಸಲು ಅವರು ಎರಡನೆಯ ಸಲ ಬಂದ ದಿನ ಸುನಂದಾ ನೀರಿನ ತಂಬಿಗೆ ಹಿಡಿದು ನಿಂತಳು. ಅಂಗೈಯಲ್ಲಿ ಅವಳು ತೆಗೆದಿಟ್ಟಿದ್ದ ಒಂದು ಗುಳಿಗೆ.

"ಅತ್ಯಾ, ಇವತ್ತೊಂದಿನ ತಗೋರಿ."

"ಡಾಕ್ಟರ ಬ್ಯಾಡ ಅಂದಾನ."

"ಡಾಕ್ಟರಗ ನಿಮ್ಮ ಬಾಯಿ ಏನ ಗೊತ್ತ್ರಿ?"

ಬಾಗಿಲ ಹಿಂದಿನಿಂದ ಪಲ್ಲವಿ ನನ್ನನ್ನು ನೋಡಿ, "ಆಯಿ, ಪ್ಲೀಜ್" ಎಂದಳು.

ಗುಳಿಗೆಯನ್ನು ತಿಪ್ಪೆಗೆ ಎಸೆದೆ. ಬಂದು ಗೋಡೆಗೆ ಒರಗಿ ಕಣ್ಣು ಮುಚ್ಚಿದೆ, ನಂಬಲಿ ಎಂದು ಬಾಯಿಯನ್ನೂ ಸ್ವಲ್ಪ ತೆರೆದೆ. ಕಾಕಾ ಶುರುಮಾಡಿದ. ಈ ಸಲ ದ್ರಾಕ್ಷಿ ಲಂಡನ್ನಿಗೆ ಹೋಗಿತ್ತು. ಅದೇ ದ್ರಾಕ್ಷಿಯನ್ನು ಅವನು ಸಾಂಗಲಿಯ ರಸ್ತೆಯ ಬದಿಯಲ್ಲಿ ಬುಟ್ಟಿಯಲ್ಲಿಟ್ಟು ಮಾರುತ್ತಿದ್ದುದನ್ನು ನಾನು ಕಣ್ಣಾರೆ ಕಂಡಿದ್ದೇನೆ, ಕೊಂಡು ತಿಂದಿದ್ದೇನೆ, ಹುಳಿ. ನಾಲಿಗೆ ಹಲ್ಲಿನವರೆಗೆ ಬಂದು ವಾಪಸು ಹೋಗುತ್ತಿತ್ತು. ಲಂಡನ್ನಿನಿಂದ ಅವನು ಅಮೇರಿಕಕ್ಕೆ ಹೊರಟ. ನಾನು ಒಂದು ಗೊರಕೆ ಹೊಡೆದೆ. ಕಣ್ಣು ಮುಚ್ಚಿ ಬಿದ್ದಿದ್ದರೂ ನಿದ್ದೆ ಹತ್ತದವರ ಸಂಕಟ ಏನೆಂದು ನನಗೆ ತಿಳಿದದ್ದು ಆಗಲೇ. ಅದು ರೋಗವೇ. ಅದಕ್ಕೆ ಗುಳಿಗೆ ಕೊಡಬೇಕಾದದ್ದೇ.